ಕಡಲಾಚೆಯ ಅರೆತಾಯಿ

ಹೆಲ್ಕಾಳನ್ನು ಒಪ್ಪಿಕೊಳ್ಳಲು ರೀಕ್ಕಾಳಿಗೆ ವರ್ಷಗಳೇ ಹಿಡಿದವು. ಒಪ್ಪಿಕೊಂಡ ಮೇಲೆ, ಹೀಗೂ ಒಬ್ಬಳು ಇರುವುದುಂಟೇ ಎಂಬ ಬೆರಗು ಶುರುವಾಯಿತು. ಅದು ಇನ್ನೂ ಮುಗಿದಿಲ್ಲ.

ರೀಕ್ಕಾ ಉತ್ತರದ ಹಿಮದ ನಾಡಿನ ಔಲು ಪಟ್ಟಣದವಳು. ಮಾರುಕಟ್ಟೆ ಚೌಕದ ಹಿಂದಿನ ಬೀದಿಯಲ್ಲಿ ಹೆಂಗಸರ ಕೂದಲು ಕತ್ತರಿಸುವ ಸಣ್ಣ ಸಲೂನು ಇಟ್ಟುಕೊಂಡಿದ್ದಳು. ಗಂಡ ಏಸ ಎದುರಿನ ದ್ವೀಪದ ಮೀನುಗಾರ. ಪಟ್ಟಣಕ್ಕೆ ಬಂದರೆ ಅವನಿಗೆ ಉಸಿರು ಕಟ್ಟುತ್ತಿತ್ತು, ದ್ವೀಪಕ್ಕೆ ಹೋದರೆ ಇವಳಿಗೆ. ಮಗಳು ಪಿಹ್ಲಾಳಿಗೆ ನಾಲ್ಕು ತುಂಬುವ ಹೊತ್ತಿಗೆ, ದೊಡ್ಡ ಜಗಳವೇನೂ ಇಲ್ಲದೆ, ಇಬ್ಬರೂ ಸುಸ್ತಾಗಿ ಬೇರೆಯಾದರು. ಪುರಸಭೆಯ ಮಕ್ಕಳ ಅಧಿಕಾರಿಯ ಮುಂದೆ ಕೂತು ಎಲ್ಲವನ್ನೂ ಗೊತ್ತುಮಾಡಿಕೊಂಡರು: ಮಗು ತಾಯಿಯ ಬಳಿ ಇರುವುದು, ವಾರ ಬಿಟ್ಟು ವಾರ ಶುಕ್ರವಾರದಿಂದ ಭಾನುವಾರದವರೆಗೆ ತಂದೆಯ ಬಳಿ, ಬೇಸಿಗೆ ರಜೆಯಲ್ಲಿ ಅರ್ಧ ಇಲ್ಲಿ, ಅರ್ಧ ಅಲ್ಲಿ. ತಂದೆ ತಿಂಗಳಿಗಿಷ್ಟು ಎಂದು ಮಗಳ ಖರ್ಚಿಗೆ ಕೊಡುವುದು. ಮಗುವನ್ನು ಕೊಡುವುದೂ ತೆಗೆದುಕೊಳ್ಳುವುದೂ ಈಚೆ ದಡದ ಹಡಗುಕಟ್ಟೆಯಲ್ಲಿ. ಅಲ್ಲಿ ಕಾರುಗಳನ್ನು ಹೊತ್ತು ದ್ವೀಪಕ್ಕೆ ಹೋಗುವ ಹಡಗು ಬಂದು ನಿಲ್ಲುತ್ತದೆ.

ಒಂದು ಶುಕ್ರವಾರ ಹಡಗಿನಿಂದ ಏಸನ ಕಾರಿನ ಬದಲು ಹಳದಿ ಫಲಕದ ಟ್ಯಾಕ್ಸಿ ವ್ಯಾನು ಇಳಿಯಿತು. ಸ್ಟೀರಿಂಗ್ ಹಿಡಿದು ಕೂತಿದ್ದವಳು ಗಟ್ಟಿಮುಟ್ಟಾದ ಹೆಂಗಸು, ಮುಂದಿನ ಹಲ್ಲುಗಳ ನಡುವೆ ಸಂದು, ಕೈಗೆ ಬೇರೆ ಬೇರೆ ಬಣ್ಣದ ಗವಸು.

"ನಾನು ಹೆಲ್ಕಾ. ಏಸ ಬಲೆ ಹಾಕೋಕೆ ಹೋಗಿದಾನೆ. ಮಗು ಕರ್ಕೊಂಡು ಬಾ ಅಂದ."

ದ್ವೀಪದ ಶಾಲೆಮಕ್ಕಳನ್ನು ಮನೆಗೆ ಮುಟ್ಟಿಸುವುದು, ಮುದುಕರನ್ನು ಡಾಕ್ಟರ ಬಳಿಗೆ ಒಯ್ಯುವುದು ಅವಳ ಕೆಲಸ. ಅವಳ ಮನೆಯಲ್ಲಿ ಏಸ ಇರತೊಡಗಿ ಎರಡು ತಿಂಗಳಾಗಿತ್ತು. ಆ ವಿಷಯ ಅವನು ಹೇಳಿರಲಿಲ್ಲ. ರೀಕ್ಕಾಳಿಗೆ ಹೊಟ್ಟೆಕಿಚ್ಚಾಯಿತು. ಗಂಡನ ಮೇಲೆ ಆಸೆ ಉಳಿದಿತ್ತೆಂದಲ್ಲ, ಮಗಳು ಆ ವ್ಯಾನಿನ ಎತ್ತರದ ಸೀಟಿಗೆ ತಾನೇ ಹತ್ತಿ ಕೂತಳಲ್ಲ, ಅದಕ್ಕೆ.

"ಅವಳಿಗೆ ಎಂಟು ಗಂಟೆಗೆ ನಿದ್ದೆ ಆಗ್ಬೇಕು. ಹೊಗೆ ಹಾಕಿದ ಮೀನು ಆಗಲ್ಲ. ಟೋಪಿ ತೆಗೀಬಾರ್ದು," ಎಂದಳು ರೀಕ್ಕಾ.

"ಸರಿ," ಎಂದು ಹೆಲ್ಕಾ ಶಿಳ್ಳೆ ಹಾಕುತ್ತ ಹೊರಟೇಹೋದಳು.

ಭಾನುವಾರ ಮಗು ಹೊಗೆ ಹಾಕಿದ ಮೀನಿನ ವಾಸನೆ ಹೊತ್ತು, ಟೋಪಿಯಿಲ್ಲದೆ ಬಂತು. ಇಸ್ಪೀಟಿನಲ್ಲಿ ಮೋಸ ಮಾಡುವುದನ್ನೂ ಕಲಿತಿತ್ತು.

ಆ ನಾಡಿನ ಮಾತಿನಲ್ಲಿ ಮಲತಾಯಿಯನ್ನು ಅರೆತಾಯಿ ಎನ್ನುತ್ತಾರೆ. ಮೂರು ವರ್ಷ ರೀಕ್ಕಾ ಆ ಅರ್ಧದ ಮೇಲೆ ಕಣ್ಣಿಟ್ಟೇ ಇದ್ದಳು. ಚಳಿಗಾಲದ ಹೊಸ ಬೂಟು ಹಾಕಿಕೊಂಡು ಪಿಹ್ಲಾ ಬಂದಾಗ ಕಟ್ಟೆಯ ಮೇಲೆಯೇ ಸಿಡುಕಿದಳು.

"ಅವಳ ಬೂಟು ನಾನು ಕೊಡಿಸ್ತೀನಿ. ನಮಗೆ ನಿಮ್ಮ ದಾನ ಬೇಡ."

"ದಾನ ಅಲ್ಲ, ಬೂಟು," ಎಂದಳು ಹೆಲ್ಕಾ. "ಹಳೇದ್ರಲ್ಲಿ ಹೆಬ್ಬೆರಳು ಮಡಚ್ಕೊಂಡಿತ್ತು. ಬೇಡ ಅಂದ್ರೆ ಬಿಚ್ಕೊಡಿ, ನನ್ನ ಕಾಲಿಗೆ ಆಗತ್ತಾ ನೋಡ್ತೀನಿ."

ಪಿಹ್ಲಾ ಬಿದ್ದು ಬಿದ್ದು ನಕ್ಕಳು. ರೀಕ್ಕಾಳಿಗೆ ನಗು ಬರಲಿಲ್ಲ. ಮನೆಗೆ ಹೋಗಿ ಹಳೆಯ ಬೂಟಿನೊಳಗೆ ಬೆರಳು ಹಾಕಿ ನೋಡಿದಾಗ ಮಾತ್ರ ಮುಖ ಸಪ್ಪೆಯಾಯಿತು.

ಪಿಹ್ಲಾಳಿಗೆ ಎಂಟಾದ ವರ್ಷ, ಎಲೆ ಉದುರುವ ಕಾಲದಲ್ಲಿ, ಏಸ ನಾರ್ವೆಗೆ ಹೋದ. ಮೀನು ಸಾಕುವ ಕಂಪನಿಯಲ್ಲಿ ಕೆಲಸ ಎಂದು ಹೇಳಿಹೋದವನು ಅಲ್ಲೇ ಯಾರದೋ ಮನೆಯಲ್ಲಿ ನೆಲೆಯಾದ. ಹೆಲ್ಕಾಳಿಗೆ ಫೋನಿನಲ್ಲಿ ನಾಲ್ಕು ಮಾತು ಹೇಳಿದನಂತೆ, ರೀಕ್ಕಾಳಿಗೆ ಅದೂ ಇಲ್ಲ. ತಿಂಗಳ ಹಣ ನಿಂತಿತು. ತಂದೆ ಕೊಡದಿದ್ದರೆ ರೀಕ್ಕಾಳ ನಾಡಿನಲ್ಲಿ ಸರಕಾರ ಕೊಡುತ್ತದೆ, ಹಾಗಾಗಿ ಮನೆ ನಡೆಯಿತು. ವಾರಾಂತ್ಯಗಳನ್ನು ತುಂಬಿಕೊಡಲು ಮಾತ್ರ ಯಾವ ಸರಕಾರಕ್ಕೂ ಆಗದು.

ಅವನ ಸರದಿಯ ಶುಕ್ರವಾರ ಬಂದಾಗ ರೀಕ್ಕಾ ಮಗಳನ್ನು ಕಟ್ಟೆಗೆ ಕರೆದೊಯ್ಯಲಿಲ್ಲ. ಸಂಜೆ ಐದಕ್ಕೆ ಮನೆಯ ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ಹೆಲ್ಕಾ.

"ಕಟ್ಟೆಲಿ ಕಾಯ್ತಿದ್ದೆ. ನೀವು ಬರಲಿಲ್ಲ."

"ಏಸ ಇಲ್ವಲ್ಲ," ಎಂದಳು ರೀಕ್ಕಾ.

"ನನ್ನ ಮನೇಲೂ ಇಲ್ಲ. ಆದ್ರೆ ಪಿಹ್ಲಾಳ ಶುಕ್ರವಾರ ಇದೆಯಲ್ಲ."

ರೀಕ್ಕಾಳಿಗೆ ಸಿಟ್ಟು ನೆತ್ತಿಗೇರಿತು. ತನ್ನನ್ನು ಬಿಟ್ಟವನು ಇವಳನ್ನೂ ಬಿಟ್ಟ ಎಂಬ ಸಣ್ಣ ಸಮಾಧಾನವೊಂದು ಒಳಗಿತ್ತು. ಈ ಹೆಂಗಸು ಬಂದು ನಿಂತು ಅದನ್ನೂ ಕಿತ್ತುಕೊಂಡಂತೆ ಅನ್ನಿಸಿತು.

"ನೀವು ಅವಳಿಗೆ ಏನಾಗ್ಬೇಕು? ಏಸನ ಜೊತೆ ಮದುವೆನೂ ಆಗಿರಲಿಲ್ಲ. ಈಗ ಅವನೂ ಇಲ್ಲ. ಯಾವ ಹಕ್ಕಿನ ಮೇಲೆ ಬಂದಿದೀರ?"

ಹೆಲ್ಕಾ ಯೋಚಿಸಿದಳು. "ಹಕ್ಕೇನೂ ಇಲ್ಲ," ಎಂದಳು. ಪಿಹ್ಲಾ ಚೀಲ ಹೆಗಲಿಗೇರಿಸಿ ಅಮ್ಮನ ಹಿಂದೆ ಬಂದು ನಿಂತಿದ್ದಳು. ಹೆಲ್ಕಾ ಅವಳ ಕಡೆ ನೋಡಿ, "ನಿನ್ನ ಕುರಿಮರಿ ಗೂಟ ಕಿತ್ಕೊಂಡು ಓಡಿಹೋಗಿತ್ತು, ಸಿಕ್ತು," ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು.

ಪಿಹ್ಲಾ ಅಳಲಿಲ್ಲ, ಹಟ ಮಾಡಲಿಲ್ಲ. ಎರಡು ವಾರದ ಮೇಲೆ ಶುಕ್ರವಾರ ಶಾಲೆಯಿಂದ ಬಂದವಳು ಚೀಲ ತುಂಬಿಕೊಂಡು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಳು. ಊಟಕ್ಕೆ ಕರೆದರೆ ಬಂದಳು, ಉಂಡು ಮತ್ತೆ ಹೋಗಿ ಕೂತಳು. ಮತ್ತೆರಡು ವಾರದ ಮೇಲೆಯೂ ಹಾಗೆಯೇ ಕೂತಳು.

ಸಲೂನಿಗೆ ಬರುವ ಲೆಂಪಿ ಎಂಬ ಮುದುಕಿಗೆ ಈ ಕತೆಯನ್ನೆಲ್ಲ ಹೇಳಿ ರೀಕ್ಕಾ ನ್ಯಾಯ ಕೇಳಿದಳು. ತಲೆಗೆ ಬಣ್ಣ ಹಚ್ಚಿಸಿಕೊಂಡು ಕೂತ ಲೆಂಪಿ ಕನ್ನಡಿಯಲ್ಲಿಯೇ ಅವಳನ್ನು ನೋಡಿದಳು.

"ಅಲ್ವೇ, ನಿನ್ನ ಮಗಳನ್ನ ಪ್ರೀತ್ಸೋ ಜನ ಅಷ್ಟೊಂದು ಜಾಸ್ತಿ ಇದಾರಾ, ಒಬ್ಬರನ್ನ ಕಮ್ಮಿ ಮಾಡ್ತಿದೀಯ?"

ಮಾರನೆಯ ವಾರ ರೀಕ್ಕಾ ಮಕ್ಕಳ ಅಧಿಕಾರಿಯ ಕಚೇರಿಗೆ ಹೋದಳು. ಹೆಲ್ಕಾಳಿಗೆ ಯಾವ ಹಕ್ಕೂ ಇಲ್ಲ ಎಂದು ಅಧಿಕಾರಿಯ ಬಾಯಿಂದಲೇ ಹೇಳಿಸಿಕೊಂಡರೆ ಮನಸ್ಸು ತಣ್ಣಗಾದೀತು ಎಂಬುದು ಅವಳ ಲೆಕ್ಕ. ಅಧಿಕಾರಿ ನಡುವಯಸ್ಸಿನ ಹೆಂಗಸು, ಮಾತು ಮೆಲ್ಲಗೆ.

"ಹೌದು, ಅವರಿಗೆ ಹಕ್ಕಿಲ್ಲ," ಎಂದಳು. "ಹೊಣೆನೂ ಇಲ್ಲ. ಮಗೂಗೋಸ್ಕರ ಅವರು ಒಂದು ಕಾಸೂ ಬಿಚ್ಚಬೇಕಾಗಿಲ್ಲ. ಆದ್ರೆ ಕಾನೂನು ಈಚೆಗೆ ಸ್ವಲ್ಪ ಬದಲಾಗಿದೆ. ಅಪ್ಪ ಅಮ್ಮನ ಹಾಗೆ ಸಾಕಿ ಹತ್ತಿರ ಆದೋರನ್ನ ನೋಡೋ ಹಕ್ಕು ಮಗೂಗಿದೆ."

"ಅಂದ್ರೆ ಅವಳಿಗೆ ಹಕ್ಕಿದೆ ಅಂತಾಯ್ತಲ್ಲ."

"ಇಲ್ಲ. ನೋಡೋ ಹಕ್ಕು ಅವರದಲ್ಲ. ನಿಮ್ಮದೂ ಅಲ್ಲ. ಅಪ್ಪ ಇದ್ದಿದ್ರೆ ಅಪ್ಪಂದೂ ಅಲ್ಲ. ಮಗೂದು. ನಾವೆಲ್ಲ ಕರ್ಕೊಂಡು ಹೋಗಿ ಬಿಡೋರು ಅಷ್ಟೇ."

ರೀಕ್ಕಾ ಹೊರಗೆ ಬಂದು ಬಸ್ಸು ನಿಲ್ಲುವಲ್ಲಿ ನಿಂತಳು. ಒಂದು ಬಸ್ಸು ಬಂದು ಹೋಯಿತು, ಹತ್ತಬೇಕೆಂಬುದು ಹೊಳೆಯಲಿಲ್ಲ. ನಾಲ್ಕು ವರ್ಷ ಆ ಹಡಗುಕಟ್ಟೆಯಲ್ಲಿ ತಾನು ಏನನ್ನೋ ಕೊಡುತ್ತಿದ್ದೇನೆ, ಏಸ ಏನನ್ನೋ ಪಡೆಯುತ್ತಿದ್ದಾನೆ ಎಂದೇ ತಿಳಿದಿದ್ದಳು. ಎಂಟು ವರ್ಷದ ಒಂದು ಜೀವ ತನ್ನ ಪಾಲಿನ ಜನರ ಬಳಿಗೆ ತಾನು ಹೋಗಿಬರುತ್ತಿತ್ತು, ದೊಡ್ಡವರು ಬರೀ ದಾರಿಯಾಗಿದ್ದರು ಎಂಬುದು ಅವಳಿಗೆ ಅವತ್ತು ಕಂಡಿತು. ಮನೆಗೆ ಬಂದು ಹೆಲ್ಕಾಳಿಗೆ ಫೋನು ಮಾಡಿದಳು. ಕ್ಷಮೆ ಕೇಳಬೇಕೆಂದು ನಾಲ್ಕು ಮಾತು ಜೋಡಿಸಿಟ್ಟುಕೊಂಡಿದ್ದಳು. ಅಷ್ಟರಲ್ಲಿ ಆಚೆಯಿಂದ, "ಶುಕ್ರವಾರ ನಾಲ್ಕರ ಹಡಗಿಗೆ ಬರ್ತೀನಿ, ಸರೀನಾ?" ಎಂಬ ಮಾತು ಬಂತು. ಸರಿ ಎಂದಳು.

ಏಸ ಹೋದ ಮೇಲಿನ ಎರಡನೆಯ ಚಳಿಗಾಲ ಬಂತು. ಅಲ್ಲಿ ಚಳಿಗಾಲದಲ್ಲಿ ಕಡಲೇ ಹೆಪ್ಪುಗಟ್ಟುತ್ತದೆ. ಮಂಜುಗಡ್ಡೆ ದಪ್ಪವಾದ ಮೇಲೆ ಅದರ ಮೇಲೆಯೇ ರಸ್ತೆ ಗುರುತಿಸಿ ಕಾರುಗಳನ್ನು ಬಿಡುತ್ತಾರೆ, ಅಲ್ಲಿಯವರೆಗೆ ಗಡ್ಡೆ ಒಡೆದುಕೊಂಡು ಹಡಗೇ ಓಡಾಡಬೇಕು. ಆ ಸಲ ಕಾರಿನ ರಸ್ತೆ ಇನ್ನೂ ತೆರೆದಿರಲಿಲ್ಲ. ಗುರುವಾರ ಬಿರುಗಾಳಿ ಎದ್ದು, ಒಡೆದ ಗಡ್ಡೆಗಳನ್ನೆಲ್ಲ ಹಡಗಿನ ದಾರಿಗೆ ತಂದು ಒಟ್ಟಿ ಗೋಡೆ ಕಟ್ಟಿತು. ಶುಕ್ರವಾರ ಗಾಳಿ ನಿಂತರೂ ಹಡಗು ಅಲುಗಲಿಲ್ಲ.

ಬೆಳಿಗ್ಗೆ ಹೆಲ್ಕಾಳ ಫೋನು ಬಂತು.

"ಹಡಗು ಇಲ್ಲ."

"ಗೊತ್ತಾಯ್ತು. ಪರ್ವಾಗಿಲ್ಲ, ಮುಂದಿನ ವಾರ ನೋಡೋಣ," ಎಂದಳು ರೀಕ್ಕಾ.

"ಮುಂದಿನ ವಾರ ಬೇರೆ ವಾರ. ಮಧ್ಯಾಹ್ನ ಊಟ ಆದ್ಮೇಲೆ ಮಗೂನ ಕಟ್ಟೆ ಹತ್ರ ಕರ್ಕೊಂಡು ಬಾ."

ಎಂದೂ ಇಲ್ಲದ 'ಬಾ' ಎಂಬ ಏಕವಚನ ರೀಕ್ಕಾಳ ಕಿವಿಗೆ ಬಿತ್ತು. ಯಾಕೆ ಎಂದು ಕೇಳುವಷ್ಟರಲ್ಲಿ ಫೋನು ನಿಂತಿತ್ತು.

ಶಾಲೆ ಬಿಟ್ಟ ಮೇಲೆ ತಾಯಿ ಮಗಳು ಕಟ್ಟೆಗೆ ಹೋದರು. ಜನವಿರಲಿಲ್ಲ. ಸೂರ್ಯ ದಿಗಂತದ ಮೇಲೆ ಕೈಯಗಲ ಎತ್ತರದಲ್ಲಿ ಜಾರುತ್ತಿದ್ದ. ಅವನ ಕೆಂಪು ಇಡೀ ಕಡಲಿನ ಬಿಳುಪಿನ ಮೇಲೆ ಹಾಸಿತ್ತು. ಅಲೆಯಿಲ್ಲ, ಹಕ್ಕಿಯಿಲ್ಲ, ಸದ್ದಿಲ್ಲ. ಎದುರಿನ ದ್ವೀಪ ಪೆನ್ಸಿಲಿನಿಂದ ಎಳೆದ ಗೆರೆಯಷ್ಟು ತೆಳ್ಳಗೆ ಕಾಣುತ್ತಿತ್ತು. ಆ ಗೆರೆಗೂ ಈ ದಡಕ್ಕೂ ನಡುವೆ ಏನೇನೂ ಇರಲಿಲ್ಲ.

"ಅಮ್ಮ, ಅಲ್ಲಿ," ಎಂದಳು ಪಿಹ್ಲಾ.

ರೀಕ್ಕಾಳಿಗೆ ಮೊದಲು ಕಾಣಲಿಲ್ಲ. ಆಮೇಲೆ ಸಾಸಿವೆ ಕಾಳಿನಷ್ಟು ಕಪ್ಪು ಕಂಡಿತು. ಸೀಲ್ ಪ್ರಾಣಿ ಇರಬೇಕು ಎಂದುಕೊಂಡಳು. ಕಾಳು ಅಲುಗುತ್ತಿತ್ತು. ಬಹಳ ಹೊತ್ತು ಅದು ದೊಡ್ಡದಾಗುತ್ತಲೇ ಇರಲಿಲ್ಲ. ಅಷ್ಟು ಅಗಲದ ಬಯಲಿನಲ್ಲಿ ಬರುವವರು ಬರುತ್ತಿದ್ದಾರೋ ನಿಂತಿದ್ದಾರೋ ತಿಳಿಯುವಂತಿರಲಿಲ್ಲ. ಆಮೇಲೆ ಎರಡು ಕೈ ಕಂಡವು, ಎರಡು ಕೋಲು ಕಂಡವು, ಹಿಂದೆ ಎಳೆದು ತರುತ್ತಿದ್ದ ಪುಟ್ಟ ಜಾರುಬಂಡಿ ಕಂಡಿತು. ಕಡಲಿನ ನಟ್ಟನಡುವಿನಿಂದ ಒಬ್ಬ ಹೆಂಗಸು ಸ್ಕೀ ಹಲಗೆಗಳ ಮೇಲೆ ನಡೆದು ಬರುತ್ತಿದ್ದಳು. ರೀಕ್ಕಾ ತನ್ನ ಕೈಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅದು ಅವಳಿಗೆ ತಿಳಿದದ್ದು ಗವಸು ಒದ್ದೆಯಾದ ಮೇಲೆ.

ಹೆಲ್ಕಾ ದಡ ಹತ್ತಿದಾಗ ಅವಳ ಹುಬ್ಬು, ರೆಪ್ಪೆ, ಮೂಗಿನ ಕೆಳಗಿನ ನಯವಾದ ರೋಮ ಎಲ್ಲ ಬೆಳ್ಳಗಾಗಿತ್ತು. ಗಡ್ಡೆ ಒಡೆದು ನೀರಿಗೆ ಬಿದ್ದರೆ ಹಿಡಿದು ಮೇಲೇಳಲು ಕೊರಳಲ್ಲಿ ಎರಡು ಮೊಳೆಹಿಡಿಕೆ ನೇತಾಡುತ್ತಿದ್ದವು. ಜಾರುಬಂಡಿಯಲ್ಲಿ ಗಡ್ಡೆಯ ದಪ್ಪ ತಿವಿದು ನೋಡುವ ಹಾರೆ, ಒಂದು ಪಾತ್ರೆ, ರೈ ಧಾನ್ಯದ ಕಪ್ಪು ರೊಟ್ಟಿ ಇದ್ದವು.

"ನಿನಗೆ ಹುಚ್ಚಾ?" ಎಂದಳು ರೀಕ್ಕಾ. ಅವಳ ಬಾಯಲ್ಲೂ ಏಕವಚನವೇ ಬಂತು. "ಮಗೂನ ಇದರ ಮೇಲೆ ಕರ್ಕೊಂಡು ಹೋಗೋಕೆ ನಾನು ಬಿಡಲ್ಲ."

"ಕರ್ಕೊಂಡು ಹೋಗೋಕೆ ಯಾರು ಬಂದ್ರು? ಇದರ ಮೇಲೆ ನಾನೊಬ್ಬಳೇ ನಡೆದ್ರೆ ಹುಚ್ಚು, ಮಗೂನ ಕರ್ಕೊಂಡು ನಡೆದ್ರೆ ಪಾಪ. ನಾನು ಇರೋಕೆ ಬಂದೆ. ಭಾನುವಾರದ ತನಕ. ನಿನ್ನ ಸೋಫಾ ಉದ್ದ ಇದೆಯಾ?"

ಹೀಗೆ ಆ ವಾರದ ಭೇಟಿ ತಾಯಿಯ ಮನೆಯಲ್ಲಿಯೇ ನಡೆಯಿತು. ಹೆಲ್ಕಾ ತಂದಿದ್ದ ಪಾತ್ರೆಯಲ್ಲಿ ಮೀನಿನ ಸಾರು ಕಲ್ಲಾಗಿತ್ತು. ಒಲೆಯ ಮೇಲೆ ಕರಗಿಸಿ ಮೂವರೂ ಉಂಡರು. ಅದೊಂದನ್ನು ಬಿಟ್ಟು ಬೇರೇನೂ ಬೇಯಿಸಲು ಅವಳಿಗೆ ಬರುತ್ತಿರಲಿಲ್ಲ. ಆ ಕಟ್ಟಡದವರಿಗೆಲ್ಲ ಸೇರಿ ನೆಲಮಾಳಿಗೆಯಲ್ಲಿ ಒಂದು ಸೌನಾ, ಹಬೆಯಲ್ಲಿ ಮೀಯುವ ಕೋಣೆ, ಇತ್ತು, ಶುಕ್ರವಾರ ಸಂಜೆ ರೀಕ್ಕಾಳ ಸರದಿ. ಪಿಹ್ಲಾ ಮಿಂದು ಮೇಲೆ ಹೋದಳು. ಇಬ್ಬರು ಹೆಂಗಸರು ಹಬೆಯಲ್ಲಿ ಮರದ ಹಲಗೆಯ ಮೇಲೆ ಉಳಿದರು. ಬಟ್ಟೆಯಿಲ್ಲದೆ ಕೂತ ಮೇಲೆ ಮುಚ್ಚುಮರೆ ಹೇಗೂ ಉಳಿಯುವುದಿಲ್ಲ. ರೀಕ್ಕಾ ಕೇಳಿಯೇಬಿಟ್ಟಳು.

"ಯಾಕೆ ಹೀಗೆ ಮಾಡ್ತೀಯ? ಏಸ ವಾಪಸ್ ಬರ್ತಾನೆ ಅಂತಾನಾ?"

ಹೆಲ್ಕಾ ಬಿಸಿ ಕಲ್ಲಿನ ಮೇಲೆ ನೀರು ಚೆಲ್ಲಿದಳು. ಭುಸ್ಸೆಂದು ಹಬೆ ಎದ್ದಿತು. "ಏಸನ ಗೊರಕೆ ಇಲ್ದೆ ನನಗೆ ಎಷ್ಟು ಚೆನ್ನಾಗಿ ನಿದ್ದೆ ಬರತ್ತೆ ಗೊತ್ತಾ?" ಎಂದಳು. ಆಮೇಲೆ ಇನ್ನೊಂದು ಸೌಟು ನೀರು ಚೆಲ್ಲಿ ಹೇಳಿದಳು:

"ನನ್ನ ಅಮ್ಮನ ಜೊತೆ ಒಬ್ಬ ಇದ್ದ. ಪೈಂಟ್ ಮಾಡೋನು, ವಿಲ್ಹೋ ಅಂತ. ನಾನು ಆರರಿಂದ ಹನ್ನೊಂದಾಗೋ ತನಕ. ಸೈಕಲ್ ಕಲಿಸಿದ, ಈಜು ಕಲಿಸಿದ. ಆಮೇಲೆ ಅಮ್ಮನಿಗೂ ಅವನಿಗೂ ಆಗ್ಲಿಲ್ಲ, ಹೋದ. ಎರಡು ವರ್ಷ ಆದ್ಮೇಲೆ ಅಂಗಡೀಲಿ ಸಿಕ್ದ. ನಾನು ಓಡಿ ಹೋಗ್ಬೇಕು ಅಂತಿದ್ದೆ. ಅವನು ನನ್ನ ಬೂಟು ನೋಡ್ದ, 'ದೊಡ್ಡೋಳಾಗಿದೀಯ' ಅಂದ, ಹಾಲು ತಗೊಂಡು ಹೋದ. ಅವನು ಕೆಟ್ಟೋನಲ್ಲ, ರೀಕ್ಕಾ. 'ನೀನು ಅವಳಿಗೆ ಏನೂ ಆಗ್ಬೇಕಾಗಿಲ್ಲ' ಅಂತ ಎಲ್ರೂ ಅವನಿಗೆ ಹೇಳಿದ್ರು. ಅವನೂ ನಂಬಿಬಿಟ್ಟ."

'ನೀವು ಅವಳಿಗೆ ಏನಾಗ್ಬೇಕು' ಎಂದು ಬಾಗಿಲಲ್ಲಿ ನಿಂತು ತಾನು ಕೇಳಿದ್ದು ರೀಕ್ಕಾಳಿಗೆ ನೆನಪಾಯಿತು. ಆ ಪ್ರಶ್ನೆಯನ್ನು ಈ ಹೆಂಗಸು ಹನ್ನೊಂದು ವರ್ಷದ ಹುಡುಗಿಯಾಗಿದ್ದಾಗಿನಿಂದಲೂ ಹೊತ್ತುಕೊಂಡಿದ್ದಾಳೆ, ಆದರೂ ಎರಡು ಬಣ್ಣದ ಗವಸು ಹಾಕಿಕೊಂಡು ಬಂದು ತನ್ನ ಬಾಗಿಲು ಬಡಿದಿದ್ದಳು. ಎಲ್ಲಿಂದ ಬರುತ್ತದೆ ಇಂಥ ಎದೆಗಾರಿಕೆ, ಎಂದು ಅವಳು ಹಬೆಯಲ್ಲಿ ಬೆವರುತ್ತ ಕೂತಳು.

ಮಾರ್ಚಿನಲ್ಲಿ ಕಾರಿನ ರಸ್ತೆ ತೆರೆಯಿತು. ರೀಕ್ಕಾ ಮೊದಲ ಸಲ ಹೆಲ್ಕಾಳ ವ್ಯಾನಿನಲ್ಲಿ ಕೂತು, ಮಗಳ ಜೊತೆ, ಮಂಜುಗಡ್ಡೆಯ ಮೇಲೆ ದ್ವೀಪಕ್ಕೆ ಹೋದಳು. ಗಡ್ಡೆಯ ಮೇಲೆ ಸೀಟ್‌ಬೆಲ್ಟ್ ಬಿಚ್ಚಿಡುತ್ತಾರೆ, ಹೊರಗೆ ಹಾರಬೇಕಾಗಿ ಬಂದರೆ ಎಂದು. ನಡುಗಡಲಿನಲ್ಲಿ ಹೆಲ್ಕಾ ಗಾಜು ಇಳಿಸಿ ಮೆಲ್ಲಗೆ ಓಡಿಸಿದಳು. ಕೆಳಗಿನಿಂದ ಒಂದು ಸದ್ದು ಬಂತು. ಬಹಳ ಉದ್ದದ ತಂತಿಯನ್ನು ಯಾರೋ ಮೀಟಿದ ಹಾಗೆ ಅದು ಒಂದು ಕಡೆ ಹುಟ್ಟಿ, ವ್ಯಾನಿನ ಅಡಿಯಲ್ಲೇ ಹಾದು, ಕಣ್ಣಿಗೆ ಕಾಣದ ದೂರಕ್ಕೆ ಹರಿದುಹೋಯಿತು. ರೀಕ್ಕಾ ಸೀಟನ್ನು ಅವುಚಿ ಹಿಡಿದಳು.

"ಹೆದರ್ಬೇಡಮ್ಮ, ಅದು ಹಾಡ್ತಿದೆ. ಹಾಡ್ತಿದ್ರೆ ಗಟ್ಟಿ ಇದೆ ಅಂತ," ಎಂದಳು ಪಿಹ್ಲಾ, ದ್ವೀಪದವಳ ಹಾಗೆ. ತನ್ನ ಮಗಳು ಕಡಲಿನ ಸದ್ದಿಗೆ ಅರ್ಥ ಹೇಳುವವಳಾಗಿದ್ದಾಳೆ, ತನಗೆ ಗೊತ್ತೇ ಇಲ್ಲದೆ, ಎಂದು ರೀಕ್ಕಾ ಆ ಪುಟ್ಟ ಮುಖವನ್ನು ಹೊಸದಾಗಿ ನೋಡಿದಳು. ತಾನು ಕಲಿಸಿದ್ದಲ್ಲ ಅದು. ವಾರ ಬಿಟ್ಟು ವಾರ ಯಾರೋ ಕೂಡಿಸಿಕೊಂಡು ಕೇಳಿಸಿದ್ದು.

ಹೀಗೆ ನಡೆಯುತ್ತಿರುವಾಗ, ಪಿಹ್ಲಾಳಿಗೆ ಹನ್ನೆರಡು ತುಂಬಿದ ಬೇಸಿಗೆಯಲ್ಲಿ, ಏಸ ಹಿಂತಿರುಗಿದ. ನಾರ್ವೆಯ ಸಂಸಾರ ಮುರಿದಿತ್ತು. ದ್ವೀಪದ ಇನ್ನೊಂದು ತುದಿಯಲ್ಲಿ ಬಾಡಿಗೆಗೆ ಮನೆ ಹಿಡಿದ, ನಿಂತ ಹಣ ಕಟ್ಟತೊಡಗಿದ, ತಲೆ ತಗ್ಗಿಸಿಕೊಂಡು ಸಲೂನಿನ ಬಾಗಿಲಿಗೆ ಬಂದ.

"ನನ್ನ ವಾರಗಳು ನನಗೆ ಬೇಕು," ಎಂದ.

"ನಾಲ್ಕು ವರ್ಷ ಎಲ್ಲಿ ಮರೆತಿಟ್ಟಿದ್ದೆ ಅವನ್ನ?" ಎಂದಳು ರೀಕ್ಕಾ. ಕೈಯಲ್ಲಿ ಕತ್ತರಿಯಿತ್ತು. ಏಸ ಎರಡು ಹೆಜ್ಜೆ ಹಿಂದೆ ಸರಿದ.

ಹೆಲ್ಕಾ ತನ್ನ ಕಡೆ ನಿಲ್ಲುತ್ತಾಳೆ, ಇಬ್ಬರೂ ಸೇರಿ ಅವನನ್ನು ದ್ವೀಪದ ಆಚೆಗೇ ಅಟ್ಟಬಹುದು ಎಂದು ರೀಕ್ಕಾ ಎಣಿಸಿದ್ದಳು. ಫೋನಿನಲ್ಲಿ ಹೆಲ್ಕಾ ಎಲ್ಲವನ್ನೂ ಕೇಳಿಸಿಕೊಂಡು, "ಕೊಡು," ಎಂದಳು.

"ಏನು ಕೊಡೋದು?"

"ವಾರಗಳನ್ನ. ಅವನು ಅವಳ ಅಪ್ಪ. ಬಂದಿದಾನಲ್ಲ. ನಾನು ದಾರಿ ಬಿಡ್ತೀನಿ."

"ನಿನಗೇನು ಉಳಿಯತ್ತೆ?"

"ನನಗೆ ಶಾಲೆ ವ್ಯಾನ್ ಇದೆ, ಕುರಿ ಇದೆ," ಎಂದಳು ಹೆಲ್ಕಾ. ದನಿಯಲ್ಲಿ ಏನೂ ಇರಲಿಲ್ಲ. ಏನೂ ಇರದಂತೆ ಮಾಡಲು ಅವಳು ಪಟ್ಟ ಪಾಡು ರೀಕ್ಕಾಳಿಗೆ ಆ ದೂರದಿಂದಲೂ ಕೇಳಿಸಿತು.

ಮೊದಲ ಶುಕ್ರವಾರ ಪಿಹ್ಲಾಳನ್ನು ಏಸನ ಮನೆಗೆ ಬಿಟ್ಟುಬಂದವಳೂ ಹೆಲ್ಕಾಳೇ. ಮುಂದೆ ನಡೆದದ್ದನ್ನು ಏಸನೇ ಆಮೇಲೆ ರೀಕ್ಕಾಳಿಗೆ ಹೇಳಿದ. ತಂದೆ ಮಗಳಿಗೆ ಒಂದು ಗಂಟೆಯಲ್ಲಿ ಮಾತು ಮುಗಿದಿತ್ತು. ಮಗಳು ಒಲೆಯ ಹಿಂದೆ ನಿಂತು ಹೆಲ್ಕಾಳಿಗೆ ಫೋನು ಮಾಡಿ, ಬಂದು ಕರ್ಕೊಂಡು ಹೋಗು ಎಂದಳು. ವ್ಯಾನು ಬಂತು. ಹೆಲ್ಕಾ ಒಳಗೆ ಬಂದು, ಕೋಟು ಬಿಚ್ಚಿ, ಅಡುಗೆಮನೆಯ ಮೇಜಿನ ಮುಂದೆ ಕೂತು ಇಸ್ಪೀಟು ಹಂಚಿದಳು.

"ನಾನು ಮನೆಗೆ ಹೋಗೋಣ ಅಂದೆ," ಎಂದಳು ಪಿಹ್ಲಾ.

"ಒಂದಾಟ ಆಡಿ ಹೋಗೋಣ."

ಹೆಲ್ಕಾ ಎಂದಿನಂತೆ ಮೋಸ ಮಾಡಿದಳು. ಏಸ ಅದನ್ನು ಹಿಡಿದ. ಆ ಮೋಸ ಅವನಿಗೂ ಹಳೆಯ ಪರಿಚಯವೇ. ಪಿಹ್ಲಾ ಅಪ್ಪನ ಪರ ವಹಿಸಿ ಜಗಳಕ್ಕಿಳಿದಳು. ಒಂದಾಟ ನಾಲ್ಕಾಯಿತು. ಐದನೆಯ ಆಟ ತಂದೆ ಮಗಳು ಹಂಚಿಕೊಳ್ಳುತ್ತಿರುವಾಗ ಹೆಲ್ಕಾ ಕೋಟು ಹಾಕಿಕೊಂಡು, ಕುರಿಗೆ ಮೇವು ಹಾಕಬೇಕು ಎಂದು ಎದ್ದು ಹೋದಳು. ಅವಳು ಹೋದದ್ದನ್ನು ಮಗಳು ಗಮನಿಸಲೂ ಇಲ್ಲ ಎಂದು ಹೇಳುವಾಗ ಏಸನ ಕಣ್ಣು ನೆಲದ ಮೇಲಿತ್ತು.

"ನಾನು ಬಿಟ್ಟು ಹೋದೋಳು ಅವಳು, ರೀಕ್ಕಾ. ನನ್ನ ಮಗಳನ್ನ ನನ್ನ ಕೈಗೆ ಕೊಟ್ಟು, ಸದ್ದು ಮಾಡ್ದೆ ಬಾಗಿಲು ಹಾಕ್ಕೊಂಡು ಹೋದ್ಲು."

ಈ ಮನುಷ್ಯನ ಮೇಲೆ ಇಷ್ಟು ವರ್ಷ ಇಟ್ಟುಕೊಂಡಿದ್ದ ಸಿಟ್ಟು ಆ ಹೆಂಗಸಿನ ಮುಂದೆ ತೀರ ಚಿಕ್ಕದಾಗಿ ಕಂಡು ರೀಕ್ಕಾಳಿಗೆ ನಾಚಿಕೆಯಾಯಿತು.

ಹೊಸ ಏರ್ಪಾಟು ಮಾಡಲು ಎಲ್ಲರೂ ಮತ್ತೆ ಮಕ್ಕಳ ಅಧಿಕಾರಿಯ ಬಳಿ ಸೇರಿದರು. ಮಗು ಹನ್ನೆರಡು ದಾಟಿದರೆ ಅದರ ಮಾತಿಗೆ ಅಲ್ಲಿ ತೂಕ ಬರುತ್ತದೆ. ಹೆಲ್ಕಾ ಬರುವುದಿಲ್ಲ ಎಂದಿದ್ದಳು. ಪಿಹ್ಲಾ ಅವಳ ವ್ಯಾನಿನಲ್ಲೇ ಬಂದು, ಕೀಲಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಅವಳನ್ನು ಒಳಗೆ ಕರೆತಂದಿದ್ದಳು. ರೀಕ್ಕಾ ಮಾತಾಡಿದಳು, ಏಸ ಮಾತಾಡಿದ. ಹೆಲ್ಕಾ, ತನ್ನ ವಾರಗಳನ್ನೆಲ್ಲ ಏಸನಿಗೆ ಬಿಟ್ಟುಕೊಟ್ಟಿದ್ದೇನೆ, ತನ್ನ ತಕರಾರಿಲ್ಲ, ಎಂದಳು.

ಅಧಿಕಾರಿ ಪಿಹ್ಲಾಳ ಕಡೆ ತಿರುಗಿದಳು. "ನಿನಗೆ ಹೇಗೆ ಬೇಕು?"

ಪಿಹ್ಲಾಳ ಕುತ್ತಿಗೆಯವರೆಗೂ ಕೆಂಪೇರಿತು. ಮಾತು ಮಾತ್ರ ತಡವರಿಸಲಿಲ್ಲ.

"ಒಂದು ಸಲ ಅಪ್ಪನ ಹತ್ರ, ಒಂದು ಸಲ ಹೆಲ್ಕಾ ಹತ್ರ. ಉಳಿದಿದ್ದೆಲ್ಲ ಅಮ್ಮನ ಹತ್ರ. ಮತ್ತೆ ಇನ್ನೊಂದು. ಅಪ್ಪ ನನ್ನ ಕೇಳ್ದೆ ಹೋದ. ಅಮ್ಮ ನನ್ನ ಕೇಳ್ದೆ ಬಾಗಿಲು ಹಾಕಿದ್ಲು. ಈಗ ಹೆಲ್ಕಾ ನನ್ನ ಕೇಳ್ದೆ ಬಿಟ್ಟುಕೊಟ್ಟಿದಾಳೆ. ನಿಮ್ಮಲ್ಲಿ ಯಾರೂ ಇನ್ಮೇಲೆ ನನ್ನನ್ನ ಕೇಳ್ದೆ ಒಳ್ಳೆಯವರಾಗ್ಬೇಡಿ."

ದೊಡ್ಡವರು ಮೂವರೂ ತಮ್ಮ ತಮ್ಮ ಕೈಗಳನ್ನು ನೋಡಿಕೊಂಡರು. ಮೊದಲು ತಲೆಯೆತ್ತಿದವಳು ಹೆಲ್ಕಾ. ಅಷ್ಟು ವರ್ಷದಲ್ಲಿ ಯಾರ ಬಳಿಯೂ ಕ್ಷಮೆ ಕೇಳದವಳು, "ತಪ್ಪಾಯ್ತು, ಮರಿ," ಎಂದಳು. ಅವಳ ಗಲ್ಲದ ಮೇಲಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ರೀಕ್ಕಾ ಮಗಳನ್ನು ನೋಡಿದಳು. ಒಬ್ಬಳೇ ಹೆತ್ತೆ, ಒಬ್ಬಳೇ ಸಾಕುತ್ತಿದ್ದೇನೆ ಎಂದು ತಾನು ತಿಳಿದಿದ್ದ ಹುಡುಗಿ. ಇಂಥ ಮಾತನ್ನು ಇಷ್ಟು ನೇರವಾಗಿ ಆಡುವ ಗಟ್ಟಿತನ ತನ್ನದಲ್ಲ, ಏಸನದಂತೂ ಅಲ್ಲವೇ ಅಲ್ಲ. ಅದು ಎಲ್ಲಿಂದ ಬಂತೆಂದು ಯಾರೂ ಹೇಳಬೇಕಾಗಿರಲಿಲ್ಲ.

ಪಿಹ್ಲಾ ಹೇಳಿದಂತೆಯೇ ಗೊತ್ತಾಯಿತು, ಹಾಗೆಯೇ ನಡೆದುಕೊಂಡು ಬಂದಿದೆ. ಏಸ ಈಗ ತಪ್ಪಿಸುವುದಿಲ್ಲ, ಬಲೆ ಹಾಕಲು ಮಗಳನ್ನೂ ಕರೆದೊಯ್ಯುತ್ತಾನೆ. ಪಿಹ್ಲಾಳಿಗೆ ಹದಿನೈದಾಯಿತು, ಎತ್ತರದಲ್ಲಿ ತಾಯಿಯನ್ನು ಮೀರಿದ್ದಾಳೆ.

ಈ ಬೇಸಿಗೆಯಲ್ಲಿ ಚರ್ಚಿನಲ್ಲಿ ಅವಳ ದೃಢೀಕರಣದ ಶಾಸ್ತ್ರವಿತ್ತು, ಆ ವಯಸ್ಸಿನ ಮಕ್ಕಳು ತಮ್ಮ ನಂಬಿಕೆಯನ್ನು ತಾವೇ ಒಪ್ಪಿ ಹೇಳುವ ಹಬ್ಬ ಅದು. ಅದರ ಹಿಂದಿನ ದಿನ ಅವಳು ಹೆಲ್ಕಾಳನ್ನು ತೋಳು ಹಿಡಿದು ಸಲೂನಿಗೆ ಎಳೆದು ತಂದಳು. ಹೆಲ್ಕಾ ತನ್ನ ಕೂದಲನ್ನು ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯಿಂದ ತಾನೇ ಕತ್ತರಿಸಿಕೊಳ್ಳುತ್ತಿದ್ದವಳು, ಆ ಅಂಗಡಿಯೊಳಗೆ ಅಲ್ಲಿಯವರೆಗೆ ಕಾಲಿಟ್ಟಿರಲಿಲ್ಲ.

"ಇವಳನ್ನ ಮನುಷ್ಯರ ಹಾಗೆ ಮಾಡಮ್ಮ," ಎಂದು ಪಿಹ್ಲಾ ಏಲಕ್ಕಿ ಬನ್ನು ತರಲು ಮಾರುಕಟ್ಟೆ ಚೌಕಕ್ಕೆ ಹೋದಳು.

"ಜಾಸ್ತಿ ಕತ್ತರಿಸ್ಬೇಡ, ಗಾಳಿಗೆ ಕಿವಿ ನೋಯತ್ತೆ," ಎಂದು ಗೊಣಗುತ್ತ ಹೆಲ್ಕಾ ಕುರ್ಚಿಯಲ್ಲಿ ಕೂತಳು.

ರೀಕ್ಕಾ ಬಿಸಿನೀರು ಬಿಟ್ಟು ಅವಳ ತಲೆ ತೊಳೆದಳು. ಹತ್ತಾರು ವರ್ಷ ಸಾವಿರಾರು ತಲೆಗಳನ್ನು ಮುಟ್ಟಿದ ಕೈ ಅದು. ನರೆತ ಒರಟು ಕೂದಲು, ನೆತ್ತಿಯಲ್ಲಿ ಎರಡು ಸುಳಿ, ಕಿವಿಯ ಹಿಂದೆ ಹಿಮಗಾಳಿಗೆ ಸುಟ್ಟ ಹಳೆಯ ಕಲೆ. ಎಲ್ಲರ ತಲೆಯಂತೆಯೇ ಇತ್ತು. ಎರಡು ಕಡೆ ಕತ್ತರಿ ಆಡಿಸುವಷ್ಟರಲ್ಲಿ ಹೆಲ್ಕಾ ನಿದ್ದೆಹೋದಳು. ಬೆಳಗಿನ ಮೊದಲ ಹಡಗಿಗೆ ಎದ್ದು ಬಂದವಳು. ಬಾಯಿ ಸ್ವಲ್ಪ ತೆರೆದು, ಹಲ್ಲಿನ ಸಂದಿನಿಂದ ಉಸಿರು ಸಣ್ಣಗೆ ಶಿಳ್ಳೆ ಹಾಕುತ್ತಿತ್ತು.

ಮುಂದಿನ ಗಿರಾಕಿ ಬಂದು ಬಾಗಿಲ ಬಳಿ ಕೂತಳು. ರೀಕ್ಕಾ ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಗಳಿಗೆ ಎಂದು ಸನ್ನೆ ಮಾಡಿದಳು. ಕತ್ತರಿ ಕೆಳಗಿಟ್ಟಳು. ಪಕ್ಕದ ಸ್ಟೂಲು ಎಳೆದುಕೊಂಡು ಕೂತು, ಆ ತಲೆ ಕುರ್ಚಿಯಿಂದ ಜಾರದಂತೆ ಅಂಗೈಯಲ್ಲಿ ಹಿಡಿದುಕೊಂಡಳು.